ಕಾರ್ಬನ್ ತೋಳಿಗೆ ಆರ್ಥೋಟ್ರೋಪಿಕ್ (ದಿಕ್ಕಿಗೊಂದು ಗುಣ ಇರುವ ವಸ್ತುವಿನ) ಡೇಟಾ ಕೊಟ್ಟರೆ ಸಾಲ್ವರ್ ನಿಂತುಬಿಡುತ್ತಿದೆ

ಗಾಳಿಪಟ:
ನಮಸ್ಕಾರ. ಡ್ರೋನ್‌ಗೆ ಕಾರ್ಬನ್-ಎಪಾಕ್ಸಿ ತೋಳು ಮಾಡುತ್ತಿದ್ದೇನೆ, ಎಳೆಗಳೆಲ್ಲ ಉದ್ದಕ್ಕೇ ಇವೆ. ಟಿ300/5208 ಅನ್ನುವ ಕಾರ್ಬನ್-ಎಪಾಕ್ಸಿಯ ಗುಣಗಳ ಕೋಷ್ಟಕ ನೋಡಿ, ಸಿಮ್ಯುಲೇಶನ್ ಸಾಫ್ಟ್‌ವೇರ್ ಆದ ಆನ್ಸಿಸ್‌ನಲ್ಲಿ ಇ1 (ಎಳೆಗಳ ಉದ್ದಕ್ಕಿರುವ ಬಿಗಿತ) 181, ಇ2 (ಅಡ್ಡಕ್ಕಿರುವ ಬಿಗಿತ) 10.3 ಗಿಗಾಪಾಸ್ಕಲ್, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಎಷ್ಟು ಕುಗ್ಗುತ್ತದೆ ಅನ್ನುವ ಪಾಯ್ಸನ್ ಅನುಪಾತ (ನ್ಯೂ) 0.28 ಅಂತ ಹಾಕಿದೆ. ಜಿ12, ಅಂದರೆ ಶಿಯರ್ (ಜಾರುವಿಕೆ) ತಡೆಯುವ ಬಿಗಿತ, ಬರೆದುಕೊಂಡಿರಲಿಲ್ಲ, ಇ/2(1+ನ್ಯೂ) ಸೂತ್ರದಿಂದ 70.7 ತೆಗೆದೆ. ರನ್ ಕೊಟ್ಟ ತಕ್ಷಣ ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್ ಅಲ್ಲ ಅಂತ ಎರರ್. ಎರಡು ದಿನದಿಂದ ಮೆಶ್ (ಮಾಡೆಲ್ ಅನ್ನು ಸಣ್ಣ ತುಂಡುಗಳಾಗಿಸುವ ಬಲೆ) ಬದಲಾಯಿಸಿ ಬದಲಾಯಿಸಿ ಸಾಕಾಗಿದೆ.

ಎಳೆಗಾರ:
ಮೆಶ್ ಬಿಡಿ, ಅದರದ್ದೇನೂ ತಪ್ಪಿಲ್ಲ. ಪಾಯ್ಸನ್ ಅನುಪಾತದ ಎರಡು ಖಾನೆಗಳಲ್ಲಿ 0.28 ಯಾವುದಕ್ಕೆ ಹಾಕಿದ್ದೀರಿ, ಪಿಆರ್‌ಎಕ್ಸ್‌ವೈನಲ್ಲೋ ಎನ್‌ಯುಎಕ್ಸ್‌ವೈನಲ್ಲೋ?

ಗಾಳಿಪಟ:
ಎನ್‌ಯುಎಕ್ಸ್‌ವೈ. ಎರಡೂ ಒಂದೇ ಅಲ್ವಾ?

ಎಳೆಗಾರ:
ಅಲ್ಲ, ಸಮಸ್ಯೆ ಇರುವುದೇ ಅಲ್ಲಿ. ಸ್ಟೀಲ್‌ಗೆ ಒಂದು ಪಾಯ್ಸನ್ ಅನುಪಾತ ಸಾಕು. ಇಲ್ಲಿ ಯಾವ ಕಡೆಗೆ ಎಳೆದಿರಿ ಅನ್ನುವುದು ಮುಖ್ಯ. ಈ ವಸ್ತುವಿನ ಒಂದು ಪಟ್ಟಿಯನ್ನು ಎಳೆಗಳ ಉದ್ದಕ್ಕೆ 1000 ಮೈಕ್ರೋಸ್ಟ್ರೇನ್ (ಒಂದು ಮೈಕ್ರೋಸ್ಟ್ರೇನ್ ಅಂದರೆ ಹತ್ತು ಲಕ್ಷದಲ್ಲೊಂದು ಭಾಗ) ಹಿಗ್ಗಿಸಿದರೆ ಅಗಲದಲ್ಲಿ 280 ಕುಗ್ಗುತ್ತದೆ, ಅದು ನ್ಯೂ12, ಅಂದರೆ ನಿಮ್ಮ 0.28. ಅದೇ ಪಟ್ಟಿಯನ್ನು ಅಡ್ಡಕ್ಕೆ 1000 ಹಿಗ್ಗಿಸಿ ನೋಡಿ, ಉದ್ದದಲ್ಲಿ ಕುಗ್ಗುವುದು ಬರೀ 16, ಯಾಕೆಂದರೆ ಅದು ಕುಗ್ಗಬೇಕಾದರೆ ಆ ಗಟ್ಟಿ ಎಳೆಗಳೇ ಕುಗ್ಗಬೇಕಲ್ಲ, ಅವು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದು ನ್ಯೂ21. ಎರಡಕ್ಕೂ ಇರುವ ನಂಟು ಇಷ್ಟೇ: ನ್ಯೂ12/ಇ1 = ನ್ಯೂ21/ಇ2.

ಆನ್ಸಿಸ್‌ನಲ್ಲಿ ಪಿಆರ್‌ಎಕ್ಸ್‌ವೈ ದೊಡ್ಡದು (ನ್ಯೂ12), ಎನ್‌ಯುಎಕ್ಸ್‌ವೈ ಸಣ್ಣದು (ನ್ಯೂ21). ನೀವು ಸಣ್ಣದರ ಜಾಗದಲ್ಲಿ 0.28 ಕೊಟ್ಟಿರಿ, ಹಾಗಾಗಿ ದೊಡ್ಡದು 0.28 × 181/10.3, ಅಂದರೆ 4.92 ಆಯಿತು. ಅದು ಇ1/ಇ2ರ ವರ್ಗಮೂಲ ದಾಟುವ ಹಾಗಿಲ್ಲ, ನಿಮ್ಮ ಲೆಕ್ಕಕ್ಕೆ 4.19. ದಾಟಿದರೆ ಹಿಗ್ಗಿಸಿದಾಗ ತಾನೇ ಶಕ್ತಿ ಕೊಡುವ ವಸ್ತು ಅಂತಾಗುತ್ತದೆ, ಅಂಥದ್ದು ಇರೋಕೆ ಸಾಧ್ಯವೇ ಇಲ್ಲ, ಆ ಎರರ್ ಹೇಳುವುದೂ ಅದನ್ನೇ. ಪಿಆರ್‌ಎಕ್ಸ್‌ವೈಗೆ 0.28 ಹಾಕಿ, ಎನ್‌ಯುಎಕ್ಸ್‌ವೈ ಖಾಲಿ ಬಿಡಿ.

ಗಾಳಿಪಟ:
ಓಡಿತು! ತುಂಬಾ ಥ್ಯಾಂಕ್ಸ್. ಆದರೆ ಇನ್ನೊಂದು. ಬಾಗುವುದು ಸರಿಯಾಗಿ ಬರುತ್ತಿದೆ, ತಿರುಚಿದರೆ ಮಾತ್ರ ಮಾಡೆಲ್ ಜಗ್ಗುವುದೇ ಇಲ್ಲ. ನನ್ನ ಹತ್ತಿರ ಇರುವ ತೆಳು ಸ್ಯಾಂಪಲ್ ಪಟ್ಟಿ ಬೆರಳಲ್ಲೇ ತಿರುಚಿಕೊಳ್ಳುತ್ತದೆ.

ಎಳೆಗಾರ:
ಅದು ನಿಮ್ಮ 70.7. ಆ ಸೂತ್ರ ಎಲ್ಲ ದಿಕ್ಕಿಗೂ ಒಂದೇ ಗುಣ ಇರುವ ವಸ್ತುವಿಗೆ ಮಾತ್ರ. ಒಣಗಿದ ಅಡಿಕೆ ಹಾಳೆ ಹಿಡಿದು ನೋಡಿದ್ದೀರಾ? ನಾರಿನ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಎರಡು ತುದಿ ಹಿಡಿದು ತಿರುಚಿದರೆ ಸುಲಭಕ್ಕೆ ತಿರುಗುತ್ತದೆ. ಇಲ್ಲೂ ಎಳೆಗಳು ಒಂದರ ಪಕ್ಕ ಒಂದು ಜಾರುವುದನ್ನು ತಡೆಯುವುದು ಹೆಚ್ಚಾಗಿ ಅವನ್ನು ಅಂಟಿಸಿರುವ ರೆಸಿನ್ (ಎಪಾಕ್ಸಿ). ಜಿ12 ಬೇರೆಯೇ ಅಳೆದ ಸಂಖ್ಯೆ, ನೀವು ನೋಡಿದ ಅದೇ ಕೋಷ್ಟಕದಲ್ಲಿ 7.17 ಇದೆ. ನೀವು ಹತ್ತು ಪಟ್ಟು ಜಾಸ್ತಿ ಕೊಟ್ಟಿದ್ದೀರಿ.

ಆ ಸೂತ್ರ ನಡೆಯುವುದು 2-3 ಮುಖದಲ್ಲಿ ಮಾತ್ರ, ಎಳೆಗಳ ತುದಿ ಕಾಣುವ ಮುಖ (3 ಅಂದರೆ ದಪ್ಪದ ದಿಕ್ಕು). ಅಲ್ಲಿ ದಿಕ್ಕು ಬದಲಾದರೂ ಗುಣ ಬದಲಾಗಲ್ಲ, ಜಿ23 = ಇ2/2(1+ನ್ಯೂ23). ಅದಕ್ಕೇ ಆರ್ಥೋಟ್ರೋಪಿಕ್‌ಗೆ 9 ಸ್ಥಿರಾಂಕ ಬೇಕಾದರೂ ನಿಮ್ಮ ತೋಳಿಗೆ 5 ಸಾಕು.

ನಿಮ್ಮದೇ ರೆಸಿನ್‌ನಲ್ಲಿ ಜಿ12 ಅಳೆಯಬೇಕಾದರೆ ±45 ಡಿಗ್ರಿಗೆ ಪದರ ಹಾಕಿದ ಪಟ್ಟಿ ಎಳೆಯಿರಿ, ಎಎಸ್‌ಟಿಎಂ ಡಿ3518 ಅನ್ನುವ ಪರೀಕ್ಷಾ ಮಾನದಂಡ ಇರುವುದೇ ಅದಕ್ಕೆ. ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ಸಾಧನ) ಉದ್ದಕ್ಕೊಂದು ಅಡ್ಡಕ್ಕೊಂದು ಅಂಟಿಸಿ.

ಗಾಳಿಪಟ:
7.17 ಹಾಕಿದೆ, ಈಗ ತಿರುಚು ಸರಿಯಾಗಿ ಕಾಣುತ್ತಿದೆ. ಭಾನುವಾರ ±45 ಪಟ್ಟಿ ಮಾಡುತ್ತೇನೆ, ಅಳತೆ ಇಲ್ಲೇ ಹಾಕುತ್ತೇನೆ.