ಬೆಳಿಗ್ಗೆ ಗ್ರೌಂಡು, ಆಮೇಲೆ ಪಿಯುಸಿ ಸೈನ್ಸು. ಈ ಮಕ್ಕಳಿಗೆ ಹುಮ್ಮಸ್ಸು ಎಲ್ಲಿಂದ ಬರುತ್ತೆ?

ಹಾಸನದ ಅಪ್ಪ:
ಮಗಳು ಫಸ್ಟ್ ಪಿಯುಸಿ, ಪಿಸಿಎಂಬಿ. 400 ಮೀಟರ್ ಓಡುತ್ತಾಳೆ. ಹೈಸ್ಕೂಲಿನಲ್ಲಿ ಹೋಬಳಿ, ತಾಲೂಕು, ಜಿಲ್ಲೆ ದಾಟಿ ವಿಭಾಗ ಮಟ್ಟದ ತನಕ ಹೋಗಿದ್ದಳು. ಯಾರೂ ಎಬ್ಬಿಸದೆ ಐದಕ್ಕೇ ಎದ್ದು ಗ್ರೌಂಡಿಗೆ ಹೋಗುತ್ತಾಳೆ, ಸಂಜೆ ಟ್ಯೂಷನ್, ರಾತ್ರಿ ಲ್ಯಾಬ್ ರೆಕಾರ್ಡ್ ಬರೀತಾ ಅಲ್ಲೇ ತೂಕಡಿಸುತ್ತಾಳೆ. ಸೈನ್ಸ್ ತಗೊಂಡ ಮೇಲೆ ಓಟ ಯಾಕೆ ಅಂತ ನೆಂಟರ ಕಾಟ. ಸಿಇಟಿಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆಯಲ್ಲ ಅಂತ ನಾನು ಬಾಯಿ ಮುಚ್ಚಿಸುತ್ತೇನೆ, ಆದರೆ ಅವಳಿಗೆ ಕೋಟಾದ ಯೋಚನೆಯೇ ಇಲ್ಲ! ಮತ್ತೆ ಯಾಕೆ ಇಷ್ಟು ಒದ್ದಾಡುತ್ತಾರೆ ಇವರು? ಮಾರ್ಕ್ಸ್ ಇಳಿದರೆ ಓಟ ಬಂದ್ ಅಂದಿದ್ದೇನೆ, ಸರಿನಾ?

ಸಿಲ್ಲಿ ಪಾಯಿಂಟ್:
ಮೈಸೂರಿನ ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಎಂಜಿನಿಯರಿಂಗ್ ಓದಿದವರು. ಕುಂಬ್ಳೆ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ, 1990ರಲ್ಲಿ, ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು. ಮನಸ್ಸಿದ್ದರೆ ಎಲ್ಲಾ ಆಗುತ್ತೆ.

ಹಳೇ ಓಟಗಾರ್ತಿ:
ಅಣ್ಣಾ, ಈ ಕುಂಬ್ಳೆ ಉದಾಹರಣೆ ಕೇಳಿ ಕೇಳಿ ಸಾಕಾಗಿದೆ. ಕ್ರಿಕೆಟ್‌ನಲ್ಲಿ ದುಡ್ಡಿದೆ, 400 ಮೀಟರ್‌ಗೆ ಯಾವ ಐಪಿಎಲ್ ಇದೆ ಹೇಳಿ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕ್ರೀಡಾ ಯೋಜನೆಯ ಪಟ್ಟಿಗೆ ಸೇರಿದರೆ ಕೈಖರ್ಚಿಗೆ ತಿಂಗಳಿಗೆ 10,000 ಕೊಡುತ್ತಾರೆ ನಿಜ, ಆದರೆ ಅಲ್ಲಿಗೆ ತಲುಪುವವರು ಎಷ್ಟು ಜನ?

ಕೋಟಾ, ರೈಲ್ವೆ ಕೆಲಸ, ಇವೆಲ್ಲ ದೊಡ್ಡವರ ಲೆಕ್ಕ. ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಗ್ರೌಂಡಿನಲ್ಲಿ ಕಾಯುತ್ತಿದ್ದ ಗೆಳತಿಯರು, ಬಿಡಿಸಿ ಹೇಳಿದರೆ ಅಷ್ಟೇ. ಆಮೇಲೆ ಸ್ಟಾಪ್‌ವಾಚ್. ಕ್ಲಾಸಿನಲ್ಲಿ ಓದಿದ್ದು ಹತ್ತಿತೋ ಇಲ್ಲವೋ ಗೊತ್ತಾಗೋಕೆ ಟೆಸ್ಟ್ ಬರಬೇಕು, ಇಲ್ಲಿ ಹೋದ ವಾರಕ್ಕಿಂತ ಅರ್ಧ ಸೆಕೆಂಡ್ ಕಮ್ಮಿ ಆದರೆ ಆವತ್ತೇ ಗೊತ್ತಾಗುತ್ತೆ, ಆ ಖುಷಿ ಇಟ್ಟುಕೊಂಡೇ ಇಡೀ ದಿನ ಕೆಮಿಸ್ಟ್ರಿ ಸಹಿಸಿಕೊಳ್ಳಬಹುದು. ಓದಿಗೂ ಕಾರಣ ಅದೇ ಆಗಿತ್ತು. ಫೇಲಾದರೆ ಮನೆಯಲ್ಲಿ ಮೀಟ್‌ಗೆ ಕಳಿಸಲ್ಲ ಅಂತ ಭಯ. ಆದರೆ ಭಯದಲ್ಲಿ ಓದಿದ್ದು ಪಾಸಾಗುವಷ್ಟೇ ಇರುತ್ತೆ, ಅದಕ್ಕಿಂತ ಒಂದು ಮಾರ್ಕ್ಸ್ ಜಾಸ್ತಿ ಬರಲ್ಲ. ಮಾರ್ಕ್ಸ್ ಇಳಿದರೆ ಓಟ ಬಂದ್ ಅಂದ ಮಾತು ವಾಪಸ್ ತಗೊಳ್ಳಿ, ಹಾಸನದ ಅಪ್ಪ.

ಪಿಟಿ ಮೇಷ್ಟ್ರು:
ಮೇಡಂ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಹುಮ್ಮಸ್ಸು ಇಲ್ಲದೆ ಆಟ ಬಿಟ್ಟ ಮಕ್ಕಳನ್ನು ನಾನು ನೋಡಿದ್ದು ಕಮ್ಮಿ. ಜಾಸ್ತಿ ಜನ ಬಿಡುವುದು ತಪ್ಪಿದ ಪಾಠ ರಾಶಿ ಬಿದ್ದಾಗ. ಮೀಟ್ ಮುಗಿಸಿ ಬಂದರೆ ಎರಡು ಪ್ರಾಕ್ಟಿಕಲ್ ಹೋಗಿರುತ್ತೆ, ಲೆಕ್ಚರರ್ ಮುಖ ಗಂಟಿಕ್ಕಿರುತ್ತಾರೆ, ಹುಡುಗಿಗೆ ಕೇಳೋಕೆ ನಾಚಿಕೆ. ಅದಕ್ಕೇ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಂಥ ಕಡೆ ಕ್ರೀಡಾ ದತ್ತು ಅಂತ ಮಾಡಿ ಊಟ, ಹಾಸ್ಟೆಲ್, ಓದು ಒಂದೇ ಕಡೆ ಇಟ್ಟಿರುವುದು. ಅಲ್ಲಿ ಓಡುವವರೇ ಸುತ್ತ ಇರುತ್ತಾರೆ, ಯಾಕೆ ಓಡ್ತೀಯ ಅಂತ ಯಾರೂ ಕೇಳಲ್ಲ. ಮನೆಯಿಂದ ಹೋಗುವ ಮಕ್ಕಳಿಗೆ ಓದು, ಆಟ ಎರಡನ್ನೂ ಹೊಂದಿಸಿ ಕೊಡುವ ಆ ಕೆಲಸ ಅಪ್ಪ ಅಮ್ಮ ಮಾಡಬೇಕು.

ಹಾಸನದ ಅಪ್ಪ:
ಸರ್, ಹಾಜರಾತಿ 75 ಪರ್ಸೆಂಟ್ ಬೇಕಲ್ಲ? ಸೆಕೆಂಡ್ ಪಿಯುಸಿ ಪರೀಕ್ಷೆ ಹೊತ್ತಿಗೇ ಮೀಟ್ ಬಂದರೆ?

ಪಿಟಿ ಮೇಷ್ಟ್ರು:
ಮೀಟ್‌ಗೆ ಹೋಗುವ ಮುಂಚೆಯೇ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು ನಕಲಿಗೆ ಸೀಲ್ ಹಾಕಿಸಿಕೊಳ್ಳಿ, ಬಂದ ಮೇಲೆ ಸರ್ಟಿಫಿಕೇಟ್ ಜೆರಾಕ್ಸ್ ಕೊಡಿ. ಬಾಯಿಮಾತು ನಂಬಬೇಡಿ. ಪರೀಕ್ಷೆ ಬಗ್ಗೆ ಅಷ್ಟು ಗಾಬರಿ ಬೇಡ, 2024ರಿಂದ ಸೆಕೆಂಡ್ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಜಾಸ್ತಿ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಆದರೆ ಸಿಇಟಿ ಮಾತ್ರ ವರ್ಷಕ್ಕೆ ಒಂದೇ ಸಲ, ಅದರ ತಾರೀಖು ಬಂದ ಕೂಡಲೇ ಕೋಚ್‌ಗೆ ತಿಳಿಸಿ. ಮತ್ತೆ ರಾತ್ರಿ ತೂಕಡಿಸುತ್ತಾ ರೆಕಾರ್ಡ್ ಬರೆಸಬೇಡಿ ಸ್ವಾಮಿ, ಮಲಗಲಿ. ಭಾನುವಾರ ಮಧ್ಯಾಹ್ನ ಬರೆದರಾಯ್ತು.