ಹುಡುಗಿ ‘ಯಾರಿಗೂ ಹೇಳಬ್ಯಾಡ್ರಿ’ ಅಂದ್ರ ಕೌನ್ಸೆಲರ್ ಏನ್ ಮಾಡಬೇಕು? ಅನುಭವ ಇದ್ದವರು ಹೇಳ್ರಿ

ಕೇಳಿದವರು, ಧಾರವಾಡ:
ಪಿಯು ಕಾಲೇಜಿನ್ಯಾಗ ಈ ವರ್ಷ ಕೌನ್ಸೆಲರ್ ಆಗಿ ಸೇರೇನಿ. 16 ವರ್ಷದ ಹುಡುಗಿ, ಊರಿಗೆ ಹೋದಾಗೆಲ್ಲಾ ಸೋದರಮಾವ ಕೆಟ್ಟ ರೀತಿ ಮೈ ಮುಟ್ಟತಾನ ಅಂತ ಅತ್ಕೋತ ಹೇಳಿದ್ಲು, ಯಾರಿಗೂ ಹೇಳಬ್ಯಾಡ್ರಿ ಮೇಡಂ ಅಂತ ಕೈ ಹಿಡ್ಕೊಂಡ್ಲು. ಪ್ರಿನ್ಸಿಪಾಲರು ಅದು ಮನಿ ವಿಷಯ ಬಿಡ್ರಿ ಅಂತಾರ. ಅವರಪ್ಪ ಫೋನ್ ಮಾಡಿ ಮಗಳು ಏನಂದ್ಲು ಅಂತ ಕೇಳ್ತಾರ. ಗುಟ್ಟು ಕಾಯೂದು ನಮ್ಮ ವೃತ್ತಿಧರ್ಮ ಅಲ್ಲೇನ್ರಿ?

ಹಾವೇರಿಯಿಂದ, ಕೌನ್ಸೆಲರ್:
ಮೇಡಂ, ಇದರಾಗ ಮಾತ್ರ ಗುಟ್ಟು ಕಾಯಾಕ ಬರೂದಿಲ್ರಿ. ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೂ ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ 18 ತುಂಬದ ಮಗುವಿನ ಮ್ಯಾಲೆ ಲೈಂಗಿಕ ಅಪರಾಧ ಆಗೇತಿ ಅಂತ ಯಾರಿಗೇ ಗೊತ್ತಾದ್ರೂ ಪೊಲೀಸ್ರಿಗೆ ತಿಳಿಸಲೇಬೇಕು, ಕೌನ್ಸೆಲರ್ ಅಂತ ವಿನಾಯಿತಿ ಇಲ್ಲ. ಮುಚ್ಚಿಟ್ರ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ನಿಮ್ಮ ಪ್ರಿನ್ಸಿಪಾಲರಿಗೂ ಈಗ ಗೊತ್ತಾಗೇತಲ್ಲ, ಅವರಿಗೂ ಇದು ಬಿಟ್ಟಿದ್ದಲ್ಲ ಅಂತ ತಿಳಿಸಿ ಹೇಳ್ರಿ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮ್ಯಾಲೆ ಕೇಸ್ ಹಾಕಾಕ ಬರೂದಿಲ್ಲ ಅನ್ನೂದೂ 19ರೊಳಗನ ಐತಿ.

ಆದ್ರ ಠಾಣೆಗೆ ಫೋನ್ ಮಾಡೂಕಿಂತ ಮೊದಲ ಹುಡುಗಿಗೆ ಹೇಳ್ರಿ, ಅಕಿ ಬೆನ್ನ ಹಿಂದ ಮಾಡಬ್ಯಾಡ್ರಿ. ನಾನು ಒಂದು ಹೈಸ್ಕೂಲಿನ್ಯಾಗ ಇದ್ದಾಗ ಇಂಥಾದ್ದೇ ಬಂದಿತ್ತು. ‘ನಾನು ಸುಮ್ನಿದ್ರ ಆ ಮನಷ್ಯಾ ಮತ್ತ ಬರ್ತಾನವ್ವಾ, ಒಬ್ಬರಿಗೆ ಹೇಳಾಕ ಬೇಕು, ಹೇಳೂ ಮುಂದ ನೀನೂ ಇರ್ತೀನಿ ಅಂದ್ರ ಇರು, ಬ್ಯಾಡಂದ್ರ ಹೊರಗ ಕೂಡು’ ಅಂದೆ. ಭಾಳ ಹೊತ್ತು ಬ್ಯಾಗಿನ ಜಿಪ್ ಹಿಂದ ಮುಂದ ಎಳಕೋತ ಕುಂತ್ಲು, ಆಮ್ಯಾಲೆ ಕೇಳಿದ್ದು ಒಂದ, ‘ಪೊಲೀಸ್ ಜೀಪ್ ನಮ್ಮ ಓಣಿಗೆ ಬರತೈತೇನ್ರಿ?’ ಶಿಕ್ಷೆ, ಕೋರ್ಟು ಏನೂ ಕೇಳಲಿಲ್ಲ ನೋಡ್ರಿ, ಅಕಿಗೆ ಓಣಿ ಮಂದಿ ಭಯ. ಅದಕ್ಕ 24ನೇ ಕಲಂ ಸರಿಯಾಗಿ ಓದ್ಕೊಂಡು ಹೋಗ್ರಿ, ಹೇಳಿಕೆ ಮಗುವಿನ ಮನ್ಯಾಗ ಇಲ್ಲಾ ಅಕಿ ಹೇಳಿದ ಜಾಗದಾಗ ತಗೋಬೇಕು, ಆದಷ್ಟು ಪಿಎಸ್ಐ ಇಲ್ಲಾ ಅದಕ್ಕಿಂತ ಮ್ಯಾಲಿನ ಮಹಿಳಾ ಅಧಿಕಾರಿನೇ ತಗೋಬೇಕು, ಯೂನಿಫಾರ್ಮ್ ಹಾಕ್ಕೊಂಡು ಬರಂಗಿಲ್ಲ, ಮಗುನ್ನ ರಾತ್ರಿ ಠಾಣೆದಾಗ ಇಟ್ಕೊಳ್ಳಂಗಿಲ್ಲ. ನಾನು ಫೋನಿನ್ಯಾಗನ ಇದನ್ನ ಹೇಳಿದೆ, ಸೀರಿ ಉಟ್ಕೊಂಡು ಒಬ್ಬ ಮೇಡಂ ಬಂದ್ರು, ಲೈಬ್ರರಿ ರೂಮಿನ್ಯಾಗ ಕುಂತು ಬರ್ಕೊಂಡ್ರು. ಪೊಲೀಸ್ರು 24 ತಾಸಿನೊಳಗ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು, ತಿಳಿಸಿದ್ರೋ ಇಲ್ಲೋ ಕೇಳ್ಕೊಂಡು ಬಿಡ್ರಿ. ಮಕ್ಕಳ ಸಹಾಯವಾಣಿ 1098ನವರು ಸಹಾಯ ಮಾಡ್ತಾರ ಖರೆ, ಆದ್ರ ಅವರಿಗೆ ಹೇಳಿದೆ ಅಂತ ಠಾಣೆಗೆ ತಿಳಿಸೂದು ಬಿಡಬ್ಯಾಡ್ರಿ.

ಹುಬ್ಬಳ್ಳಿಯಿಂದ, ವಕೀಲರು:
ಮ್ಯಾಲೆ ಹೇಳಿದ್ದು ಸರಿ ಅದ. ನೋಟ್ಸ್ ಬಗ್ಗೆ ಒಂದು ಮಾತು. ಕಕ್ಷಿದಾರರು ನಮಗ ಹೇಳಿದ್ದಕ್ಕ ಸಾಕ್ಷ್ಯ ಕಾಯ್ದೆದಾಗ ರಕ್ಷಣೆ ಅದ, ಕೌನ್ಸೆಲರಿಗೆ ಅಂಥಾದ್ದು ಇಲ್ಲ, ಕೋರ್ಟು ಸಮನ್ಸ್ ಕಳಿಸಿದ್ರ ನಿಮ್ಮ ನೋಟ್ಸ್ ಎದುರು ವಕೀಲನೂ ಓದ್ತಾನ. ಹಂಗಾಗಿ ಹುಡುಗಿ ಅಂದ ಮಾತನ್ನ ಅಕಿ ಮಾತಿನೊಳಗ ಬರೀರಿ, ತಾರೀಖು ಹಾಕ್ರಿ, ನಿಮ್ಮ ಊಹೆ ಬೆರಸಬ್ಯಾಡ್ರಿ. ಮತ್ತ ಕೆದಕಿ ಕೆದಕಿ ಕೇಳಬ್ಯಾಡ್ರಿ, ತನಿಖೆ ಪೊಲೀಸ್ರ ಕೆಲಸ.

ಗದಗಿನಿಂದ, ಆಪ್ತಸಮಾಲೋಚಕಿ:
ಅಪ್ಪನ ಫೋನ್ ಬಗ್ಗೆ ಹೇಳ್ತೀನ್ರಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂದಾಗ ಗುಟ್ಟಿನ ಹಕ್ಕು ಐತಿ, ಜೀವಕ್ಕ ಅಪಾಯ, ಕೋರ್ಟ್ ಆದೇಶ, ಇನ್ನೊಬ್ಬರಿಗೆ ಹಾನಿ ತಪ್ಪಿಸೂದು ಹಿಂಗ ಕೆಲವು ವಿನಾಯಿತಿ ಬಿಟ್ಟು. ಅಪ್ರಾಪ್ತರ ಪರವಾಗಿ ಪಾಲಕರೇ ಪ್ರತಿನಿಧಿ ಆಗಿರ್ತಾರ, ಅವರಿಗೆ ಏನೂ ಹೇಳೂದಿಲ್ಲ ಅನ್ನಾಕ ಬರೂದಿಲ್ಲ. ಆದ್ರ ಆರೋಪ ಮನಿಯವರ ಮ್ಯಾಲೆನ ಇದ್ದಾಗ ಫೋನಿನ್ಯಾಗ ಒಂದಕ್ಷರ ಹೇಳಬ್ಯಾಡ್ರಿ, ಸುದ್ದಿ ಆ ಮಾವನ ಕಿವಿಗೆ ಮೊದಲ ಬಿದ್ರ ಹುಡುಗಿ ಬಾಯಿ ಮುಚ್ಚಿಸ್ತಾರ. ಮನ್ಯಾಗ ಅಕಿ ಯಾರನ್ನ ನಂಬತಾಳ ಅಂತ ಅಕಿನ್ನ ಕೇಳ್ರಿ, ಅವರನ್ನ ಕರಸ್ರಿ. ಹುಡುಗಿ ಭಾಳ ಕುಗ್ಗಿದ್ರ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಮೂರಾಗನ ಐತಿ, ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಬರಕೊಡ್ರಿ.

ಇನ್ನ ಮುಂದ ಬರೂ ಮಕ್ಕಳಿಗೆ ಮೊದಲನೇ ಸಲ ಕುಂತಾಗನ ಹೇಳಿಬಿಡ್ರಿ. ನಾನು ಹಿಂಗಂತೀನಿ: ‘ನೀ ಹೇಳಿದ್ದು ನನ್ನ ಹತ್ರನ ಇರ್ತೈತಿ, ಆದ್ರ ನಿನಗ ಯಾರರ ತ್ರಾಸ್ ಕೊಡಾಕತ್ತಿದ್ರ, ಇಲ್ಲಾ ನೀ ಜೀವಕ್ಕ ಏನರ ಮಾಡ್ಕೊಳ್ಳೂ ವಿಚಾರದಾಗ ಇದ್ರ ನಾ ಒಬ್ಬಾಕಿನ ಇಟ್ಕೊಳ್ಳೂದಿಲ್ಲ, ಯಾರಿಗೆ ಹೇಳ್ತೀನಿ ಅಂತ ನಿನಗ ಮೊದಲ ಹೇಳ್ತೀನಿ.’ ಇಷ್ಟು ಹೇಳಿದ್ರ ಮಕ್ಕಳು ಹೆದರಿ ಮಾತ ಆಡೂದಿಲ್ಲ ಅಂತಾರ ಕೆಲವರು. ನನ್ನ ಹತ್ರ ಬಂದ ಮಕ್ಕಳು ಇದನ್ನ ಕೇಳಿದ ಮ್ಯಾಲೂ ಮಾತಾಡ್ಯಾರ.