ಅಪ್ಪೆಮಿಡಿ ಉಪ್ಪಿನಕಾಯಿ ಕೊಳ್ಳುವವರು ಆನ್‌ಲೈನಲ್ಲಿ ಎಲ್ಲಿರ್ತಾರೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನಾನು, ಅತ್ತೆ ಸೇರಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ತೊಟ್ಟು ಮುರಿದರೆ ಸೊನೆ ಘಮ್ಮೆನ್ನುವ ಜೀರಿಗೆ ಮಿಡಿ, ಅಂದರೆ ಜೀರಿಗೆ ಪರಿಮಳದ ಎಳೆ ಮಾವಿನಕಾಯಿ. ಕಲ್ಲುಪ್ಪಲ್ಲಿ ಮುದುಡಿದ ಮೇಲೆ ಖಾರ ಅರೆದು ಹಾಕುತ್ತೇವೆ.

ಕಳೆದ ತಿಂಗಳು ಇನ್‌ಸ್ಟಾಗ್ರಾಮಲ್ಲಿ 2,000 ರೂಪಾಯಿ ಕೊಟ್ಟು ಒಂದು ರೀಲ್ ಬೂಸ್ಟ್ ಮಾಡಿದೆ, ಅಂದರೆ ಹೆಚ್ಚು ಜನರಿಗೆ ಕಾಣುವಂತೆ ಜಾಹೀರಾತು ಮಾಡಿಸಿದೆ. ಲೈಕ್ ರಾಶಿ ಬಂತು, ಆರ್ಡರ್ ಮೂರೇ. ಲೈಕ್ ಕೊಟ್ಟವರ ಪ್ರೊಫೈಲ್ ತೆಗೆದು ನೋಡಿದರೆ ಜಾಸ್ತಿ ನಮ್ಮ ಕಡೆಯ ಕಾಲೇಜು ಹುಡುಗರೇ. ಅವರಿಗೆ ಮನೆಯಲ್ಲಿ ಅಮ್ಮನೇ ಹಾಕಿ ಕೊಡ್ತಾರೆ, ಅಲ್ವಾ!

ಆಮೇಲೆ ನಾದಿನಿ ಬೆಂಗಳೂರಿನ ತನ್ನ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಲ್ಲಿ ಸುಮ್ನೆ ಒಂದು ಫೋಟೋ ಹಾಕಿದಳು. ಒಂದೇ ಸಂಜೆ 14 ಬಾಟಲಿ ಖಾಲಿ. ತೆಗೆದುಕೊಂಡವರು ಹೆಚ್ಚಿನವರು ಮಲೆನಾಡಿನಿಂದ ಹೋಗಿ ನೆಲೆಸಿದವರು, 40 ದಾಟಿದವರು.

ಇಂಥವರು ಬೇರೆಲ್ಲಿ ಸಿಗುತ್ತಾರೆ? ಫೇಸ್‌ಬುಕ್‌ನ ಅಡುಗೆ ಗುಂಪುಗಳಲ್ಲಾ, ಯೂಟ್ಯೂಬ್ ಅಡುಗೆ ವಿಡಿಯೋಗಳ ಕಾಮೆಂಟಲ್ಲಾ, ಹೊರದೇಶದ ಕನ್ನಡ ಕೂಟಗಳಲ್ಲಾ? ಒಂದು ಗುಂಪಿಗೆ ಸೇರಿದ ದಿನವೇ ಬೆಲೆ ಸಮೇತ ಪೋಸ್ಟ್ ಹಾಕಿ ಅಡ್ಮಿನ್ ಕೈಲಿ ಹೊರಗೆ ಹಾಕಿಸಿಕೊಂಡಿದ್ದೇನೆ. ತಪ್ಪು ನನ್ನದೇ. ಈಗ ಹೊಸ ಗಿರಾಕಿ ಬಂದರೆ "ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?" ಅಂತ ಕೇಳಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಮನೆಯಲ್ಲಿ ತಿಂಡಿ, ಹಪ್ಪಳ ಮಾಡಿ ಮಾರುವವರು ಯಾರಾದರೂ ಇದ್ದರೆ, ನಿಮ್ಮ ಮೊದಲ ಗಿರಾಕಿಗಳು ಎಲ್ಲಿಂದ ಬಂದರು ಅಂತ ದಯವಿಟ್ಟು ಹೇಳಿ.